ಎರಡು ಉತ್ತರ ಉಳಿದಾಗ

(ಕ್ಲಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆಯ ಬಗ್ಗೆ ಶಿರಸಿಯಲ್ಲಿ ಪಿಯುಸಿ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಂದಿದ್ದೀರಿ. ಕುಮಟಾದಿಂದ ಘಟ್ಟ ಹತ್ತಿ ಬಂದ ಮಕ್ಕಳೂ ಇದ್ದಾರೆ. ಹಾಗಾಗಿ ಪೀಠಿಕೆ ಬೇಡ. ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ರಾತ್ರಿ ಹನ್ನೊಂದು ಗಂಟೆ. ಒಬ್ಬ ಮನುಷ್ಯ ಇನ್ನೊಬ್ಬರ ಅಡಕೆ ತೋಟಕ್ಕೆ ಇಳಿಯುತ್ತಾನೆ. ಮರ ಹತ್ತಿ ಎರಡು ಕೊನೆ, ಅಂದರೆ ಅಡಕೆ ಗೊನೆ, ಕೊಯ್ದು ಕೆಳಗೆ ಬಿಡುತ್ತಾನೆ. ಅಷ್ಟರಲ್ಲಿ ನಾಯಿ ಬೊಗಳುತ್ತದೆ. ಮನೆಯಲ್ಲಿ ದೀಪ ಹೊತ್ತುತ್ತದೆ. ಅವನು ಮರ ಇಳಿದು ಓಡಿಹೋಗುತ್ತಾನೆ. ಕೊನೆ ಎರಡೂ ಮರದ ಬುಡದಲ್ಲೇ ಬಿದ್ದಿವೆ. ಒಂದು ಅಡಕೆಯನ್ನೂ ಅವನು ಒಯ್ಯಲಿಲ್ಲ. ಇದು ಕಳ್ಳತನವಾ?

ಕೈ ಎತ್ತಿ ಅಂದೆ. ಮುಕ್ಕಾಲು ಪಾಲು ಮಕ್ಕಳು "ಅಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ತೋಟಿಗರೆಲ್ಲ "ಹೌದು" ಎಂದರು. ತೋಟ ಇದ್ದವರಿಗೆ ಸಿಟ್ಟು ಬರುವುದು ಸಹಜ, ಅಲ್ವಾ? ಆದರೆ ಸಿಟ್ಟಿನಿಂದ ಹೇಳಿದ ಉತ್ತರವೂ ಬೇಡ, ಕನಿಕರದಿಂದ ಹೇಳಿದ ಉತ್ತರವೂ ಬೇಡ. ನಿಯಮ ಏನು ಹೇಳುತ್ತದೆ ನೋಡೋಣ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನದ ಬಗ್ಗೆ ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 378ನೇ ಕಲಂ ಆಗಿತ್ತು. ಸಾದಾ ಮಾತಿನಲ್ಲಿ ಹೀಗಿದೆ. ಇನ್ನೊಬ್ಬರ ವಶದಲ್ಲಿರುವ ಚರ ವಸ್ತುವನ್ನು, ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಅಲುಗಿಸಿದರೆ ಅದು ಕಳ್ಳತನ. ನೆಲಕ್ಕೆ ಅಂಟಿಕೊಂಡಿರುವುದು ಚರ ವಸ್ತು ಅಲ್ಲ. ಆದರೆ ಅದನ್ನು ಬೇರ್ಪಡಿಸಿದ ಗಳಿಗೆಯಿಂದ ಅದು ಚರ ವಸ್ತು. ಬೇರ್ಪಡಿಸುವ ಕೆಲಸವೇ ಅಲುಗಿಸುವ ಕೆಲಸವೂ ಆಗಬಹುದು.

ಈಗ ಹೇಳಿ. ಕೊನೆ ಕೊಯ್ದ ಗಳಿಗೆಗೆ ಕಳ್ಳತನ ಆಗಿಹೋಯಿತು. ಒಯ್ದನಾ ಇಲ್ಲವಾ ಎಂಬುದು ನಿಯಮದಲ್ಲಿ ಎಲ್ಲೂ ಇಲ್ಲ. ಅದನ್ನು ನಿಯಮದೊಳಗೆ ತುರುಕಿದ್ದು ನಾವು. ಕಳ್ಳತನ ಅಂದರೆ ಎತ್ತಿಕೊಂಡು ಹೋಗುವುದು ಅಂತ ಚಿಕ್ಕಂದಿನಿಂದ ನಮ್ಮ ತಲೆಯಲ್ಲಿ ಕೂತಿದೆ. ಉತ್ತರ ತಪ್ಪಿದ್ದು ಕಾನೂನು ಗೊತ್ತಿಲ್ಲದ್ದರಿಂದ ಮಾತ್ರ ಅಲ್ಲ. ನಿಯಮ ಕಣ್ಣೆದುರೇ ಇದ್ದರೂ ನಾವು ನಮ್ಮ ಅರ್ಥವನ್ನೇ ಓದಿಕೊಳ್ಳುತ್ತೇವೆ.

ಕ್ಲಾಟ್ ಪರೀಕ್ಷೆಯ ಕಷ್ಟದ ಪ್ರಶ್ನೆಗಳು ಬಹುಪಾಲು ಹೀಗೇ ಇರುತ್ತವೆ.

ಪರೀಕ್ಷೆ ಗೊತ್ತಿಲ್ಲದ ಪಾಲಕರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಐದು ವರ್ಷದ ಕಾನೂನು ಪದವಿಗೆ ಸೇರಲು ಈ ಪರೀಕ್ಷೆ. 2008ರಲ್ಲಿ ಶುರುವಾಯಿತು. ದೆಹಲಿಯ ವಿಶ್ವವಿದ್ಯಾಲಯ ಮಾತ್ರ ಐಲೆಟ್ ಅಂತ ಬೇರೆ ಪರೀಕ್ಷೆ ನಡೆಸುತ್ತದೆ. ಈ ಸಂಸ್ಥೆಗಳಲ್ಲಿ ಮೊದಲನೆಯದು ಬೆಂಗಳೂರಿನ ನಾಗರಭಾವಿಯಲ್ಲಿದೆ. ಅದಕ್ಕೆ ಬೇಕಾದ ಕಾಯಿದೆಯನ್ನು ನಮ್ಮ ವಿಧಾನಮಂಡಲ ಮಾಡಿದ್ದು 1986ರಲ್ಲಿ. ಆಗ ಮುಖ್ಯಮಂತ್ರಿ ಆಗಿದ್ದವರು ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು. ಇದನ್ನು ಯಾಕೆ ಹೇಳಿದೆ ಅಂದರೆ, ಆ ಕಾಲೇಜು ದೊಡ್ಡ ಶಹರದ, ಇಂಗ್ಲಿಷ್ ಮಾತಾಡುವ ಮನೆಗಳ ಮಕ್ಕಳಿಗೆ ಮಾತ್ರ ಅಂತ ನಮ್ಮ ಕಡೆಯ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ನನಗೆ ಅದು ತುಂಬಾ ಬೇಸರದ ಸಂಗತಿ.

ಈಗಿನ ಪರೀಕ್ಷೆಯಲ್ಲಿ 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಅಂತ ಐದು ಭಾಗ. ಕಾನೂನು ತರ್ಕದಲ್ಲಿ 28ರಿಂದ 32 ಪ್ರಶ್ನೆ. ಇಬ್ಬರಿಗೆ ಒಟ್ಟು ಅಂಕ ಸಮ ಬಂದರೆ ಮೊದಲು ನೋಡುವುದು ಇದೇ ಭಾಗದ ಅಂಕವನ್ನು. 2020ರಿಂದ ಗಣಿತ ಬಿಟ್ಟು ಉಳಿದ ಎಲ್ಲ ಭಾಗದಲ್ಲೂ ಮೊದಲು ಒಂದು ಗದ್ಯಭಾಗ ಕೊಡುತ್ತಾರೆ, ಸುಮಾರು 450 ಪದದ್ದು. ಅದನ್ನು ಓದಿ ಉತ್ತರಿಸಬೇಕು. ಕಾನೂನನ್ನು ಮೊದಲೇ ಓದಿರಬೇಕಾಗಿಲ್ಲ. ಬೇಕಾದ ನಿಯಮವನ್ನು ಅವರೇ ಗದ್ಯದಲ್ಲಿ ಕೊಟ್ಟಿರುತ್ತಾರೆ.

ಹಾಗಿದ್ದರೆ ಕಷ್ಟ ಎಲ್ಲಿದೆ?

ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮಕ್ಕಳ ಜೊತೆ ಕೂತಾಗಲೆಲ್ಲ ನಾನು ಒಂದು ವಿಷಯ ಗಮನಿಸಿದ್ದೇನೆ. ನಾಲ್ಕು ಆಯ್ಕೆಗಳಲ್ಲಿ ಎರಡು ಬೇಗ ಬಿದ್ದುಹೋಗುತ್ತವೆ. ಜಾಣ ಮಕ್ಕಳಿರಲಿ, ಸಾಧಾರಣ ಮಕ್ಕಳಿರಲಿ, ಅಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಆಮೇಲೆ ಎರಡು ಉಳಿಯುತ್ತವೆ. ಎರಡೂ ಸರಿ ಅನಿಸುತ್ತವೆ. ಅಲ್ಲಿ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಒಂದನ್ನು ಓದಿದರೆ ಅದೇ ಸರಿ, ಇನ್ನೊಂದನ್ನು ಓದಿದರೆ ಅದೂ ಸರಿ. ಮತ್ತೆ ಗದ್ಯಭಾಗವನ್ನು ಮೊದಲಿಂದ ಓದುತ್ತದೆ. ಎರಡು ನಿಮಿಷ ಹೋಯಿತು. ಕೊನೆಗೆ ಮನಸ್ಸಿಗೆ ಬಂದದ್ದಕ್ಕೆ ಗುರುತು ಹಾಕುತ್ತದೆ.

ಇವತ್ತಿನ ನನ್ನ ಮಾತೆಲ್ಲ ಆ ಎರಡು ನಿಮಿಷದ ಬಗ್ಗೆ.

ನಾನು ವಕೀಲಳು. ನನ್ನ ಕೆಲಸದಲ್ಲಿ ಇದಕ್ಕೊಂದು ದಾರಿ ಇದೆ. ಒಂದು ಸಿವಿಲ್ ದಾವೆ ಅಂದುಕೊಳ್ಳಿ. ತೋಟಕ್ಕೆ ಹೋಗುವ ದಾರಿಯ ಜಗಳ. ಒಬ್ಬರು ದಾವೆ ಹಾಕುತ್ತಾರೆ, ಇನ್ನೊಬ್ಬರು ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಕೊಡುತ್ತಾರೆ. ಎರಡೂ ಸೇರಿ ನಲವತ್ತು ಪುಟ. ಆದರೆ ಪೂರ್ತಿ ಓದಿದರೆ ಇಬ್ಬರೂ ಬಹಳಷ್ಟನ್ನು ಒಪ್ಪಿರುತ್ತಾರೆ. ಇಬ್ಬರೂ ಅಕ್ಕಪಕ್ಕದವರು, ಹೌದು. ದಾರಿ ಇದೆ, ಹೌದು. ಅಜ್ಜನ ಕಾಲದಿಂದ ಓಡಾಡಿದ್ದಾರೆ, ಹೌದು. ಓಡಾಡಿದ್ದು ಹಕ್ಕಿನಿಂದಲಾ, ಇಲ್ಲಾ ಪಕ್ಕದವರ ಒಪ್ಪಿಗೆಯಿಂದಲಾ? ಜಗಳ ಅಲ್ಲಿದೆ. ನ್ಯಾಯಾಧೀಶರು ಮೊದಲು ಆ ಬಿಂದುವನ್ನು ಬರೆದುಕೊಳ್ಳುತ್ತಾರೆ. ಅದಕ್ಕೆ ವಿವಾದಾಂಶ ಅನ್ನುತ್ತೇವೆ. ಒಬ್ಬರು ಹೌದು ಅಂದದ್ದನ್ನು ಇನ್ನೊಬ್ಬರು ಅಲ್ಲ ಅಂದಾಗ ಮಾತ್ರ ವಿವಾದಾಂಶ ಹುಟ್ಟುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಆದೇಶ ಇದನ್ನೇ ಹೇಳುತ್ತದೆ. ಮುಂದಿನ ಸಾಕ್ಷಿ, ವಾದ ಎಲ್ಲ ಆ ಬಿಂದುವಿನ ಸುತ್ತ.

ಉಳಿದ ಎರಡು ಉತ್ತರಗಳನ್ನು ವಾದಿ, ಪ್ರತಿವಾದಿ ಅಂತ ತಿಳಿಯಿರಿ. ಯಾವುದು ಸರಿ ಅಂತ ಆಗಲೇ ಕೇಳಬೇಡಿ. ಇಬ್ಬರ ಜಗಳ ಎಲ್ಲಿದೆ ಅಂತ ಕೇಳಿ. ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಆ ಒಂದು ಬಿಂದುವನ್ನು ಮಾತ್ರ ಹುಡುಕಲು ಗದ್ಯಭಾಗಕ್ಕೆ ಹೋಗಿ. ಇಡೀ ಗದ್ಯ ಮತ್ತೆ ಓದುವ ಅಗತ್ಯವೇ ಬರುವುದಿಲ್ಲ.

ಒಂದು ಉದಾಹರಣೆ ಪೂರ್ತಿಯಾಗಿ ಮಾಡೋಣ. ಬೋರ್ಡಿನ ಮೇಲೆ ಬರೆದದ್ದು ಇದು.

ನಿಯಮ: ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕಾಗಿ, ಹೊರಗೆ ಹೋದರೆ ಹಾನಿ ಮಾಡಬಲ್ಲ ವಸ್ತುವನ್ನು ತನ್ನ ಜಮೀನಿನಲ್ಲಿ ತಂದು ಕೂಡಿಟ್ಟರೆ, ಅದು ಹೊರಹೋಗಿ ಆದ ಹಾನಿಗೆ ಅವನೇ ಹೊಣೆ. ಅವನ ಕಡೆಯಿಂದ ಅಜಾಗರೂಕತೆ ಇರಲಿಲ್ಲ ಎಂಬುದು ಲೆಕ್ಕಕ್ಕಿಲ್ಲ. ಆದರೆ ಯಾವ ಮನುಷ್ಯನೂ ಮುಂದಾಗಿ ಊಹಿಸಲಾಗದಂಥ ಪ್ರಕೃತಿಯ ಘಟನೆಯಿಂದ ಅದು ಹೊರಹೋದರೆ ಅವನು ಹೊಣೆಯಲ್ಲ.

ಸಂಗತಿ: ಗಣಪತಿ ತನ್ನ ತೋಟದ ಮೇಲಿನ ದಿಬ್ಬದಲ್ಲಿ ದೊಡ್ಡ ನೀರಿನ ಹೊಂಡ ಕಟ್ಟಿಸಿದ. ಒಳ್ಳೆಯ ಗುತ್ತಿಗೆದಾರರಿಂದ, ಎಲ್ಲ ಎಚ್ಚರಿಕೆ ವಹಿಸಿ. ಜುಲೈನಲ್ಲಿ ಎಂದಿನಂತೆ ಜೋರು ಮಳೆ ಬಂತು. ಹೊಂಡದ ಏರಿ ಒಡೆಯಿತು. ಕೆಳಗಿನ ಮಂಜುನಾಥನ ತೋಟದ ಅಡಕೆ ಸಸಿಗಳೆಲ್ಲ ಕೊಚ್ಚಿಹೋದವು. ಗಣಪತಿ ಹೊಣೆಯಾ?

ಆಯ್ಕೆ ಒಂದು: ಹೊಣೆಯಲ್ಲ, ಅವನು ಎಲ್ಲ ಎಚ್ಚರಿಕೆ ವಹಿಸಿದ್ದ. ಎರಡು: ಹೊಣೆ, ಏಕೆಂದರೆ ಕೂಡಿಟ್ಟ ನೀರು ಹೊರಹೋಗಿ ಹಾನಿ ಮಾಡಿತು. ಮೂರು: ಹೊಣೆಯಲ್ಲ, ಏಕೆಂದರೆ ಏರಿ ಒಡೆದದ್ದು ಮಳೆಯಿಂದ. ನಾಲ್ಕು: ಗುತ್ತಿಗೆದಾರನೇ ಹೊಣೆ.

ಒಂದು ಬಿತ್ತು. ಅಜಾಗರೂಕತೆ ಲೆಕ್ಕಕ್ಕಿಲ್ಲ ಅಂತ ನಿಯಮವೇ ಹೇಳಿದೆ. ನಾಲ್ಕೂ ಬಿತ್ತು. ಗುತ್ತಿಗೆದಾರನ ಸುದ್ದಿ ನಿಯಮದಲ್ಲಿ ಇಲ್ಲ. ಉಳಿದದ್ದು ಎರಡು ಮತ್ತು ಮೂರು. ಜಗಳ ಎಲ್ಲಿದೆ? ನೀರು ಕೂಡಿಟ್ಟದ್ದರ ಬಗ್ಗೆ ಜಗಳ ಇಲ್ಲ. ಹಾನಿಯ ಬಗ್ಗೆಯೂ ಇಲ್ಲ. ಈ ಮಳೆಯನ್ನು ಮುಂದಾಗಿ ಊಹಿಸಲು ಆಗುತ್ತಿತ್ತಾ? ಜಗಳ ಇಷ್ಟೇ. ಈಗ ಸಂಗತಿಗೆ ಹೋಗಿ. "ಎಂದಿನಂತೆ" ಅಂತ ಒಂದು ಪದ ಇದೆ. ಮುಗಿಯಿತು. ಉತ್ತರ ಎರಡು.

ಮುಂದಿನ ಸಾಲಿನಿಂದ ಒಬ್ಬ ಹುಡುಗ ಹೇಳಿದ, "ಮೇಡಂ, ಶಿರಸಿಯಲ್ಲಿ ಜುಲೈನಲ್ಲಿ ಮಳೆ ಬರ್ತದೆ ಅಂತ ಎಲ್ಲರಿಗೂ ಗೊತ್ತಲ್ಲ?" ಅವನ ಉತ್ತರ ಸರಿಯಾಗಿತ್ತು. ಆದರೆ ಅವನು ಬಂದ ದಾರಿ ಅಪಾಯದ್ದು. ಅವನಿಗೆ ಶಿರಸಿ ಗೊತ್ತು, ಅದಕ್ಕೆ ಸರಿಹೋಯಿತು. ಪ್ರಶ್ನೆಯಲ್ಲಿ "ಹಿಂದೆಂದೂ ಕಾಣದಂಥ ಮಳೆ" ಅಂತ ಬರೆದಿದ್ದರೆ? ಆಗಲೂ ಅವನು ಶಿರಸಿಯ ಮಳೆ ನೆನೆದು ಹೊಣೆ ಅಂತಲೇ ಬರೆಯುತ್ತಿದ್ದ. ಉತ್ತರ ತಪ್ಪುತ್ತಿತ್ತು.

ಇದು ಸುಮ್ನೆ ಕಟ್ಟಿದ ಕಥೆ ಅಲ್ಲ. ಈ ನಿಯಮ ಇಂಗ್ಲೆಂಡಿನ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಮೊಕದ್ದಮೆಯದು, 1868ರ ತೀರ್ಪು. ಅಲ್ಲೂ ಒಬ್ಬರು ಗಿರಣಿಗಾಗಿ ಜಲಾಶಯ ಕಟ್ಟಿಸಿದರು, ನೀರು ಪಕ್ಕದವರ ಕಲ್ಲಿದ್ದಲು ಗಣಿಗೆ ನುಗ್ಗಿತು. ಕಟ್ಟಿಸಿದವರೇ ಹೊಣೆ ಎಂದಾಯಿತು. ಎಂಟು ವರ್ಷದ ನಂತರ, 1876ರಲ್ಲಿ, ನಿಕೋಲ್ಸ್ ವಿರುದ್ಧ ಮಾರ್ಸ್‌ಲ್ಯಾಂಡ್ ಮೊಕದ್ದಮೆ ಬಂತು. ಅಲ್ಲೂ ಕಟ್ಟಿದ ಕೆರೆಗಳೇ ಒಡೆದವು. ಆದರೆ ಆ ಮಳೆ ಯಾರೂ ನಿರೀಕ್ಷಿಸಲಾಗದಂಥದ್ದು ಅಂತ ಸಾಬೀತಾಯಿತು. ಮಾಲೀಕರು ಹೊಣೆಯಲ್ಲ ಎಂದಾಯಿತು. ನೀರು ಅದೇ, ಏರಿ ಅದೇ. ಮಳೆಯ ಬಗ್ಗೆ ಸಾಬೀತಾದ ಒಂದು ಸಂಗತಿಯಿಂದ ತೀರ್ಪೇ ಬೇರೆಯಾಯಿತು. ಪ್ರಶ್ನೆ ತೆಗೆಯುವವರು ಇಂಥ ಜೋಡಿಗಳನ್ನೇ ಹುಡುಕುತ್ತಾರೆ.

ಇನ್ನೊಂದು ಜೋಡಿಯನ್ನೂ ಗೊತ್ತು ಮಾಡಿಕೊಳ್ಳಿ. 1985ರ ಡಿಸೆಂಬರಿನಲ್ಲಿ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಇನ್ನೂ ಕಠಿಣವಾದ ನಿಯಮ ಮಾಡಿತು. ಅಪಾಯಕಾರಿ ಉದ್ಯಮ ನಡೆಸುವವರಿಗೆ ಪ್ರಕೃತಿಯ ಘಟನೆ ಎಂಬ ವಿನಾಯಿತಿಯೂ ಇಲ್ಲ. ಗದ್ಯಭಾಗದಲ್ಲಿ ಎರಡು ನಿಯಮವನ್ನೂ ವಿವರಿಸಿ, ಸಂಗತಿಯಲ್ಲಿ ಒಮ್ಮೆ ಹೊಂಡ, ಒಮ್ಮೆ ಅನಿಲದ ಟ್ಯಾಂಕು ಇಡಬಹುದು. ಯಾವ ನಿಯಮ ಯಾರಿಗೆ ಅಂತ ನೋಡದವರು ಅಲ್ಲಿ ಜಾರುತ್ತಾರೆ.

ಈಗ ಮನಸ್ಸಿಗೆ ನೋವಾಗುವ ಒಂದು ಪ್ರಶ್ನೆ. ಕಳೆದುಹೋದ ಎಮ್ಮೆಯನ್ನು ಹುಡುಕಿ ಕೊಟ್ಟವರಿಗೆ 5,000 ರೂಪಾಯಿ ಬಹುಮಾನ ಅಂತ ಒಬ್ಬರು ಪೇಟೆಯಲ್ಲಿ ಚೀಟಿ ಅಂಟಿಸಿದ್ದಾರೆ. ದೂರದ ಹಳ್ಳಿಯ ಒಬ್ಬ ಬಡ ಹೆಂಗಸು ಆ ಚೀಟಿ ನೋಡಿಲ್ಲ. ದಾರಿ ತಪ್ಪಿದ ಎಮ್ಮೆಯನ್ನು ಎರಡು ದಿನ ಮೇಯಿಸಿ, ಮಾಲೀಕರ ಮನೆಗೆ ಹೊಡೆದುಕೊಂಡು ಬಂದು ಒಪ್ಪಿಸುತ್ತಾಳೆ. ಆಮೇಲೆ ಬಹುಮಾನದ ವಿಷಯ ಗೊತ್ತಾಗುತ್ತದೆ. ನಿಯಮ ಹೀಗಿದೆ: ಪ್ರಸ್ತಾವದ ಬಗ್ಗೆ ಗೊತ್ತಿಲ್ಲದವರು ಅದನ್ನು ಸ್ವೀಕರಿಸಲಾರರು. ಬಹುಮಾನವನ್ನು ಹಕ್ಕಿನಿಂದ ಕೇಳಬಹುದಾ?

ಸಭೆಯಲ್ಲಿ ಬಹಳ ಮಂದಿ ಕೊಡಬೇಕು ಎಂದರು. ನನಗೂ ಕೊಡಬೇಕು ಅಂತಲೇ ಅನಿಸುತ್ತದೆ. ಆದರೆ 1913ರಲ್ಲಿ ಅಲಹಾಬಾದ್ ಹೈಕೋರ್ಟು ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ತ್ ಮೊಕದ್ದಮೆಯಲ್ಲಿ ಇದೇ ತತ್ವದಿಂದ ಇಲ್ಲ ಎಂದಿತು. ಅಲ್ಲಿ ಕಳೆದುಹೋಗಿದ್ದು ಯಜಮಾನರ ಸೋದರಳಿಯ. ಹುಡುಕಲು ಹೋದವರು ಅವರ ಕೆಲಸದ ಮನುಷ್ಯ. ಹುಡುಗ ಸಿಕ್ಕ ಮೇಲೆ ಅವರಿಗೆ ಬಹುಮಾನದ ಸುದ್ದಿ ತಿಳಿಯಿತು. ಹಣ ಸಿಗಲಿಲ್ಲ.

ಮಕ್ಕಳೇ, ನ್ಯಾಯದ ಬಗ್ಗೆ ನಿಮಗಿರುವ ಆ ತುಡಿತ ಬಹಳ ದೊಡ್ಡದು. ಅದಕ್ಕಾಗಿಯೇ ನೀವು ಈ ದಾರಿಗೆ ಬರುತ್ತಿದ್ದೀರಿ. ಅದನ್ನು ಕಳೆದುಕೊಳ್ಳಬೇಡಿ. ಆದರೆ ಪರೀಕ್ಷೆಯಲ್ಲಿ ಕೇಳಿರುವುದು ನಿಯಮವನ್ನು ಸಂಗತಿಗೆ ಹೊಂದಿಸಲು. ನಿಯಮ ಸರಿಯಾ ಅಂತ ಕೇಳಿಲ್ಲ. ಒಂದು ನಿಯಮ ತಪ್ಪು ಅಂತ ನಾಳೆ ಹೈಕೋರ್ಟಿನಲ್ಲಿ ವಾದಿಸಬೇಕಾದರೂ, ಮೊದಲು ಅದು ಏನು ಹೇಳುತ್ತದೆ ಅಂತ ತಪ್ಪಿಲ್ಲದೆ ಓದಲು ಬರಬೇಕು.

ಇನ್ನು ತರ್ಕದ ಭಾಗ. ಇಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ತಮಗೆ ಅನುಕೂಲ ಕಡಿಮೆ ಅಂದುಕೊಳ್ಳುತ್ತಾರೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ನನಗೆ ಕನ್ನಡದಿಂದ ಸಹಾಯವೇ ಆಗಿದೆ. ಹೇಗೆ ಅಂತ ಹೇಳುತ್ತೇನೆ.

ಇಂಗ್ಲಿಷಿನಲ್ಲಿ "ಓನ್ಲಿ ಇಫ್" ಅಂತ ಬಂದರೆ ಮಕ್ಕಳು ತಡವರಿಸುತ್ತಾರೆ. ಕನ್ನಡಕ್ಕೆ ತಿರುಗಿಸಿ. "ಪಹಣಿ ಇದ್ದರೆ ಮಾತ್ರ ಬೆಳೆಸಾಲ." ಸಭೆಗೆ ಕೇಳಿದೆ, ಪಹಣಿ ಇದ್ದವರಿಗೆಲ್ಲ ಸಾಲ ಸಿಗುತ್ತದಾ? ಇಡೀ ಸಭಾಂಗಣ "ಇಲ್ಲ" ಎಂದಿತು. ಸೊಸೈಟಿಗೆ ಅಲೆದವರಿಗೆ ಯಾರೂ ಕಲಿಸಬೇಕಾಗಿಲ್ಲ. ಪಹಣಿ ಇಲ್ಲದಿದ್ದರೆ ಸಾಲ ಇಲ್ಲ. ಸಾಲ ಸಿಕ್ಕಿದೆ ಅಂದರೆ ಪಹಣಿ ಇದೆ. ಆದರೆ ಪಹಣಿ ಇದೆ ಅಂದಮಾತ್ರಕ್ಕೆ ಸಾಲ ಸಿಗುವುದಿಲ್ಲ. ಬೇಕೇಬೇಕಾದದ್ದು ಬೇರೆ, ಅಷ್ಟಿದ್ದರೆ ಸಾಕಾಗುವುದು ಬೇರೆ. ತರ್ಕದ ಕಷ್ಟದ ಪ್ರಶ್ನೆಗಳಲ್ಲಿ ಎಷ್ಟೋ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಇನ್ನೊಂದು. "ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಕುಮಟಾ ಬಸ್ಸು ಬರುವುದಿಲ್ಲ." ಇವತ್ತು ಬಸ್ಸು ಬರಲಿಲ್ಲ. ಘಟ್ಟ ಕುಸಿದಿದೆಯಾ? ಗೊತ್ತಿಲ್ಲ. ಟೈರ್ ಪಂಕ್ಚರ್ ಆಗಿರಬಹುದು. ಡ್ರೈವರ್ ರಜೆ ಇರಬಹುದು. ಇವತ್ತು ಬಸ್ಸು ಬಂತು. ಆಗ ಘಟ್ಟ ಕುಸಿದಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಇಂಗ್ಲಿಷ್ ವಾಕ್ಯ ಎಷ್ಟೇ ಸುತ್ತುಬಳಸಿ ಇದ್ದರೂ ಅದನ್ನು ಒಂದು ಬಸ್ಸು, ಒಂದು ಘಟ್ಟ ಮಾಡಿಕೊಳ್ಳಿ. "ಅನ್‌ಲೆಸ್" ಬಂದಲ್ಲಿ "ಇಲ್ಲದಿದ್ದರೆ" ಅಂತ ಇಟ್ಟು ನೋಡಿ. ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಯೋಚಿಸಿದಿರಿ ಅಂತ ಯಾರೂ ಅಂಕ ಕಳೆಯುವುದಿಲ್ಲ.

ಕುಮಟಾದ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದು, ವಾದ ಯಾವ ಊಹೆಯ ಮೇಲೆ ನಿಂತಿದೆ ಅಂತ ಕೇಳುವ ಪ್ರಶ್ನೆಗಳು ತನಗೆ ಬರುವುದೇ ಇಲ್ಲ ಎಂದಳು. ಮೀನುಗಾರರ ಮನೆಯವಳು. ಅವಳಿಗಾಗಿ ಆಮೇಲೆ ಈ ಉದಾಹರಣೆ ಮಾಡಿದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇದೆ. ಒಬ್ಬರು ಹೀಗೆ ವಾದಿಸುತ್ತಾರೆ ಅಂದುಕೊಳ್ಳಿ: "ಈ ವರ್ಷ ನಿಷೇಧ ಮುಗಿದ ಮೇಲೆ ಮೇ ತಿಂಗಳಿಗಿಂತ ಜಾಸ್ತಿ ಮೀನು ಬಲೆಗೆ ಬಿತ್ತು. ಹಾಗಾಗಿ ನಿಷೇಧದಿಂದಲೇ ಮೀನು ಹೆಚ್ಚಾಯಿತು." ಈ ವಾದ ಯಾವ ಊಹೆಯ ಮೇಲೆ ನಿಂತಿದೆ? ಎರಡು ಉತ್ತರ ಉಳಿದವು. ಒಂದು, ಎಲ್ಲ ದೋಣಿಯವರೂ ನಿಷೇಧವನ್ನು ಪಾಲಿಸಿದರು. ಎರಡು, ಮೀನು ಜಾಸ್ತಿ ಸಿಗಲು ಋತು ಬದಲಾದದ್ದೇ ಪೂರ್ತಿ ಕಾರಣ ಅಲ್ಲ.

ಇಲ್ಲಿ ಮಾಡಬೇಕಾದ್ದು, ಆಯ್ಕೆಯನ್ನು ತಿರುಗಿಸಿ ಹಾಕುವುದು. ಮೊದಲನೆಯದನ್ನು ತಿರುಗಿಸಿ. "ಎಲ್ಲರೂ ಪಾಲಿಸಲಿಲ್ಲ." ಅಂದರೆ ಒಂದು ದೋಣಿ ಕದ್ದು ಹೋಗಿರಬಹುದು. ವಾದ ಬಿತ್ತಾ? ಇಲ್ಲ, ನಿಂತಿದೆ. ಎರಡನೆಯದನ್ನು ತಿರುಗಿಸಿ. "ಋತು ಬದಲಾದದ್ದೇ ಪೂರ್ತಿ ಕಾರಣ." ವಾದ ನೆಲಕ್ಕೆ ಬಿತ್ತು. ಹಾಗಾದರೆ ಅದೇ ಊಹೆ. ತಿರುಗಿಸಿದಾಗ ವಾದ ಯಾವುದರಿಂದ ಬೀಳುತ್ತದೋ ಅದರ ಮೇಲೆ ವಾದ ನಿಂತಿತ್ತು. ಆ ಹುಡುಗಿ ತಕ್ಷಣ ಹೇಳಿದಳು, "ಹೌದು, ಮಳೆಗಾಲ ಮುಗಿಯುವಾಗ ಬಂಗಡೆ ಹೇಗೂ ದಡದ ಹತ್ತಿರ ಬರ್ತದೆ." ಅವಳ ಅಪ್ಪನಿಗೆ ಗೊತ್ತಿದ್ದ ವಿಷಯ ಅವಳಿಗೆ ತರ್ಕವಾಗಿ ಕಂಡಿತು. ಅವಳ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ಎಲ್ಲ", "ಎಂದಿಗೂ", "ಮಾತ್ರ", "ಖಂಡಿತ" ಇಂಥ ಪದ ಇರುವ ಆಯ್ಕೆಯ ಬಗ್ಗೆ ಎಚ್ಚರ ಇರಲಿ. ಅಂಥ ಪದ ಇದ್ದ ಮಾತ್ರಕ್ಕೆ ಉತ್ತರ ತಪ್ಪು ಅಂತ ಕೆಲವರು ಕಲಿಸುತ್ತಾರೆ. ಅದನ್ನು ನಂಬಬೇಡಿ. ಗದ್ಯದಲ್ಲೇ "ಎಲ್ಲ" ಅಂತ ಇದ್ದರೆ ಉತ್ತರದಲ್ಲೂ "ಎಲ್ಲ" ಇರಲೇಬೇಕು. ಗದ್ಯ ಎಷ್ಟು ಗಟ್ಟಿಯಾಗಿ ಹೇಳಿದೆಯೋ ಉತ್ತರವೂ ಅಷ್ಟೇ ಗಟ್ಟಿ ಇದೆಯಾ ಅಂತ ತೂಗಿ ನೋಡಿ.

ಇಂಗ್ಲಿಷ್ ಭಾಗಕ್ಕೂ ಇದೇ ಮಾತು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ. ಓದಿದ ಮೇಲೆ ಲೇಖಕರು ಏನನ್ನು ಒಪ್ಪಿದರು, ಏನನ್ನು ಒಪ್ಪಲಿಲ್ಲ ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಗಣಿತ 10ರಿಂದ 14 ಪ್ರಶ್ನೆ, ಹತ್ತನೇ ಕ್ಲಾಸಿನ ಮಟ್ಟ. ಶೇಕಡಾ ಲೆಕ್ಕ ಗಟ್ಟಿ ಇರಲಿ. ಕ್ವಿಂಟಲಿಗೆ 40,000 ಇದ್ದ ಅಡಕೆ ದರ ಶೇ 25 ಏರಿ, ಆಮೇಲೆ ಶೇ 20 ಇಳಿದರೆ ಎಷ್ಟು? ಶೇ 5 ಲಾಭ ಅನ್ನುವವರು ಬಹಳ. 50,000ಕ್ಕೆ ಏರಿ ಮತ್ತೆ 40,000ಕ್ಕೇ ಬರುತ್ತದೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಪರೀಕ್ಷೆ ಬರೆದಾಗ 200 ಪ್ರಶ್ನೆ, ಎರಡು ಗಂಟೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರೆದೆ. ತರ್ಕದಲ್ಲಿ ಐದು ಜನ ದುಂಡುಮೇಜಿನ ಸುತ್ತ ಕೂರುವ ಒಂದು ಪ್ರಶ್ನೆ ಬಂತು. ಮನೆಯಲ್ಲಿ ಅಂಥವನ್ನು ನೂರು ಮಾಡಿದ್ದೆ. ಬಿಡಲು ಮನಸ್ಸಾಗಲಿಲ್ಲ. ಹನ್ನೊಂದು ನಿಮಿಷ ಅದರಲ್ಲೇ ಕಳೆದೆ. ಕೊನೆಯಲ್ಲಿ ಹತ್ತೊಂಬತ್ತು ಪ್ರಶ್ನೆ ಓದಲೂ ಆಗಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ. ಮನೆಗೆ ಬಂದು ಅಪ್ಪನ ಮುಂದೆ ಅತ್ತೆ. "ಒಂದು ಮರದ ಕೊನೆ ಕೈಗೆ ಸಿಗದಿದ್ದರೆ ಕೊಯ್ಯುವ ಕೊನೆಗೌಡ ಅಲ್ಲೇ ಕೂರುತ್ತಾನೇನೇ ತಂಗಿ? ಮುಂದಿನ ಮರಕ್ಕೆ ಹೋಗ್ತಾನೆ" ಎಂದರು. ಮರು ವರ್ಷ ಆ ಮಾತು ನೆನಪಿಟ್ಟುಕೊಂಡು ಬರೆದೆ. ಸೀಟು ಸಿಕ್ಕಿತು.

ಬಿಡುವುದನ್ನೂ ಅಭ್ಯಾಸ ಮಾಡಬೇಕು. ಜಗಳದ ಬಿಂದು ಅರ್ಧ ನಿಮಿಷದಲ್ಲಿ ಸಿಗದಿದ್ದರೆ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗಿ. ಲೆಕ್ಕ ಹೀಗಿದೆ. ಎರಡೇ ಉಳಿದ ಎಂಟು ಪ್ರಶ್ನೆಗಳಲ್ಲಿ ಊಹಿಸಿ ಬರೆದಿರಿ. ಅರ್ಧ ಸರಿ, ಅರ್ಧ ತಪ್ಪು ಅಂದುಕೊಳ್ಳಿ. ನಾಲ್ಕು ಅಂಕ ಬಂತು, ಒಂದು ಹೋಯಿತು, ಮೂರು ಉಳಿಯಿತು. ಬರೆಯದೆ ಬಿಟ್ಟರೆ ಸೊನ್ನೆ. ನಾಲ್ಕು ಆಯ್ಕೆಯಲ್ಲಿ ಒಂದನ್ನೂ ತೆಗೆಯಲು ಆಗದಿದ್ದರೆ ಊಹೆಯಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಅಂಥದ್ದನ್ನು ಬಿಟ್ಟುಬಿಡಿ. ಅಮೆರಿಕದ ಕಾನೂನು ಶಾಲೆಗಳಿಗೆ ನಡೆಯುವ ಎಲ್‌ಸ್ಯಾಟ್‌ನಲ್ಲಿ ತಪ್ಪಿಗೆ ಕಡಿತ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಆ ಪರೀಕ್ಷೆಯ ಪುಸ್ತಕದಿಂದ ಅಭ್ಯಾಸ ಮಾಡುವವರು ಈ ವ್ಯತ್ಯಾಸ ಮರೆಯಬೇಡಿ. ತರ್ಕದ ಅಭ್ಯಾಸಕ್ಕೆ ಮಾತ್ರ ಆ ಪ್ರಶ್ನೆಗಳು ಬಹಳ ಒಳ್ಳೆಯವು.

ಕೆಲವೊಮ್ಮೆ ತಪ್ಪು ನಿಮ್ಮದೇ ಇರುವುದಿಲ್ಲ. 2024ರ ಡಿಸೆಂಬರ್ 1ರಂದು ನಡೆದ ಕ್ಲಾಟ್‌ನ ಕೆಲವು ಉತ್ತರಗಳ ಬಗ್ಗೆ ತಕರಾರು ಎದ್ದು, ಅದು ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತೀರ್ಮಾನಿಸಿತು. ನ್ಯಾಯಮೂರ್ತಿಗಳೇ ತಿಂಗಳುಗಟ್ಟಲೆ ನೋಡಿದ ಪ್ರಶ್ನೆಯ ಮುಂದೆ ನೀವು ಹನ್ನೊಂದು ನಿಮಿಷ ಕೂತು ಏನಾಗಬೇಕು?

ಮನೆಯಲ್ಲಿ ಮಾಡುವ ಕೆಲಸ ಒಂದಿದೆ. ತಪ್ಪಿನ ಪುಸ್ತಕ ಇಡಿ. ಸರಿ ಉತ್ತರ ಏನು ಅಂತ ಬರೆದರೆ ಪ್ರಯೋಜನ ಇಲ್ಲ. ನನಗೆ ತಪ್ಪು ಉತ್ತರ ಯಾಕೆ ಸರಿ ಅನಿಸಿತು, ಸರಿ ಉತ್ತರವನ್ನು ಯಾಕೆ ಬಿಟ್ಟೆ, ಜಗಳ ಯಾವ ಪದದಲ್ಲಿತ್ತು ಅಂತ ಬರೆಯಿರಿ. ಐವತ್ತು ತಪ್ಪು ಬರೆಯುವಷ್ಟರಲ್ಲಿ ನಿಮ್ಮ ಸ್ವಭಾವ ನಿಮಗೆ ಕಾಣುತ್ತದೆ. ಒಬ್ಬರು ಯಾವಾಗಲೂ ಬಡವರ ಪರ ಉತ್ತರ ಹಾಕುತ್ತಿರುತ್ತಾರೆ. ಒಬ್ಬರು "ಮಾತ್ರ" ಪದವನ್ನು ನುಂಗುತ್ತಿರುತ್ತಾರೆ. ಒಬ್ಬರು ಪೇಪರಿನಲ್ಲಿ ಓದಿದ ಸುದ್ದಿಯನ್ನು ಗದ್ಯದೊಳಗೆ ತರುತ್ತಿರುತ್ತಾರೆ. ಕೋಚಿಂಗ್‌ಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಲು ಆಗುವುದಿಲ್ಲ ಅಂತ ಒಬ್ಬ ತಂದೆ ಚಿಂತೆಯಿಂದ ಹೇಳಿದರು. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಅವು ಮತ್ತು ಈ ತಪ್ಪಿನ ಪುಸ್ತಕ ಇದ್ದರೆ ಅರ್ಧಕ್ಕಿಂತ ಹೆಚ್ಚು ತಯಾರಿ ಮನೆಯಲ್ಲೇ ಆಗುತ್ತದೆ ಅಂತ ನಾನು ನಂಬಿದ್ದೇನೆ.

ಕೊನೆಯಲ್ಲಿ ಅದೇ ಮುಂದಿನ ಸಾಲಿನ ಹುಡುಗ ಮತ್ತೆ ಎದ್ದು ನಿಂತ. "ಮೇಡಂ, ಆ ಹೊಂಡ ಕಟ್ಟಲಿಕ್ಕೆ ಸರ್ಕಾರವೇ ಒಪ್ಪಿಗೆ ಕೊಟ್ಟಿದ್ದರೆ ಗಣಪತಿ ಬಚಾವ್ ಆಗ್ತಿದ್ನಾ?"

ಒಳ್ಳೆಯ ಪ್ರಶ್ನೆ. ಕಾನೂನಿನ ಪುಸ್ತಕದಲ್ಲಿ ಅಂಥ ವಿನಾಯಿತಿಯ ಚರ್ಚೆ ನಿಜವಾಗಿಯೂ ಇದೆ. ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಅವನು ನಿಯಮವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ.

"ಇಲ್ಲಿ ಒಪ್ಪಿಗೆ ಅಂತ ಇಲ್ಲ" ಎಂದ.

"ಹಾಗಾದರೆ?"

"ಹೊಣೆ" ಎಂದು ಹೇಳಿ ಕೂತುಕೊಂಡ.